ಆಟ ನನ್ನನ್ನು ನೆನಪಿಟ್ಟುಕೊಳ್ಳಲಿ: ಗೇಮರ್‌ಗಳ ಕನಸಿನ ಪಟ್ಟಿ ಮತ್ತು ಅದರ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

ನಿಮ್ಮ ಕನಸಿನ ಗೇಮ್ ಹೇಗಿರಬೇಕು ಎಂದು ಯಾವ ಗೇಮರ್‌ನನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಬರುತ್ತದೆ. ಮ್ಯಾಪ್‌ನಲ್ಲಿ ಕಾಣುವ ಪ್ರತಿ ಮನೆಯೊಳಗೂ ಹೋಗುವಂತಿರಬೇಕು. ಗೋಡೆಗೆ ಹೊಡೆದರೆ ಗೋಡೆ ಒಡೆಯಬೇಕು, ಒಡೆದದ್ದು ಒಡೆದೇ ಇರಬೇಕು. ಊರಿನ ಜನ ನಾನು ಮಾಡಿದ್ದನ್ನು ಮರೆಯಬಾರದು. ನಾನು ಹಿಡಿದ ದಾರಿಗೆ ತಕ್ಕಂತೆ ಕಥೆ ತಿರುಗಬೇಕು. ಎಲ್ಲಿ ಬೇಕಾದರೂ ಸೇವ್ ಆಗಬೇಕು. ಸಾವಿರಾರು ಜನ ಒಂದೇ ಲೋಕದಲ್ಲಿ ಲ್ಯಾಗ್ (ತಡವರಿಕೆ) ಇಲ್ಲದೆ ಆಡಬೇಕು. ಹತ್ತು ವರ್ಷ ಬಿಟ್ಟು ಬಂದರೂ ಗೇಮ್ ತೆರೆದುಕೊಳ್ಳಬೇಕು.

ಈ ಪಟ್ಟಿಯಲ್ಲಿ ಗ್ರಾಫಿಕ್ಸ್ ಮಾತು ಎಷ್ಟು ಕಡಿಮೆ ನೋಡಿ. ಏಳು ಬೇಡಿಕೆಗಳಂತೆ ಕಾಣುವ ಇವುಗಳ ಬೇರು ಒಂದೇ: ನಾನು ಮಾಡಿದ್ದನ್ನು ಈ ಆಟ ನೆನಪಿಟ್ಟುಕೊಳ್ಳಲಿ. ಇವತ್ತಿನ ಮಾತು ಆ ನೆನಪಿನ ಬಗ್ಗೆ. ಅದನ್ನು ಎಲ್ಲಿ ಇಡುತ್ತಾರೆ, ಎಷ್ಟು ಜಾಗ ಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡೋಣ.

ಒಂದು ಮರದ ಬಾಗಿಲಿನಿಂದ ಶುರುಮಾಡೋಣ. ಆಟಗಾರ ಅದನ್ನು ಒದ್ದು ಮುರಿದ. 'ಈ ಬಾಗಿಲು ಮುರಿದಿದೆ' ಎಂದು ಬರೆದಿಡಲು ಬಾಗಿಲಿನ ಗುರುತಿನ ಸಂಖ್ಯೆಗೆ 4 ಬೈಟ್, ಸ್ಥಿತಿಗೆ 1 ಬೈಟ್, ಒಟ್ಟು 5 ಬೈಟ್ ಸಾಕು. ಹತ್ತು ಸಾವಿರ ಬಾಗಿಲು ಮುರಿದರೂ 50 ಕಿಲೋಬೈಟ್ ಅಷ್ಟೇ. ಆದರೆ ಆಟಗಾರನಿಗೆ ಚೂರುಗಳೂ ಬಿದ್ದಲ್ಲೇ ಬಿದ್ದಿರಬೇಕು. ಒಂದು ಚೂರಿನ ಸ್ಥಾನಕ್ಕೆ 12 ಬೈಟ್, ಅದು ವಾಲಿರುವ ದಿಕ್ಕಿಗೆ 16, ಚಲಿಸುವ ವೇಗಕ್ಕೆ 12, ತಿರುಗುವ ವೇಗಕ್ಕೆ 12, ಒಟ್ಟು 52 ಬೈಟ್. ಬಾಗಿಲಿಗೆ 40 ಚೂರು ಎಂದಿಟ್ಟುಕೊಂಡರೆ 2 ಕಿಲೋಬೈಟ್ ಚಿಲ್ಲರೆ; ಹತ್ತು ಸಾವಿರ ಬಾಗಿಲಿಗೆ 20 ಮೆಗಾಬೈಟ್ ಆಸುಪಾಸು. ಇದೂ ಇವತ್ತಿನ ಯಂತ್ರಗಳಿಗೆ ಭಾರವಲ್ಲ.

ಹಾಗಾದರೆ ತೊಡಕು ಎಲ್ಲಿ? ನೆನಪಿಡುವುದು ಅಗ್ಗ, ಆ ನೆನಪನ್ನು ಓದಿ ಅದರಂತೆ ನಡೆಯಬೇಕಾದವರ ಸಾಲು ಉದ್ದ. ಕಾವಲುಗಾರರು ಎಲ್ಲೆಲ್ಲಿ ನಡೆಯಬಹುದು ಎಂದು ತೋರಿಸುವ ನ್ಯಾವ್‌ಮೆಶ್‌ಗೆ ಅಲ್ಲೊಂದು ಹೊಸ ದಾರಿ ಆಗಿರುವುದು ಗೊತ್ತಾಗಬೇಕು. ಒಳಗಿನ ಸದ್ದು ಈಗ ಹೊರಗೆ ಕೇಳಬೇಕು. ಒಳಗಿನ ದೀಪದ ಬೆಳಕು ಅಂಗಳಕ್ಕೆ ಬೀಳಬೇಕು. 'ಬೀಗದ ಕೈ ಹುಡುಕಿ ಬಾಗಿಲು ತೆರೆ' ಎಂಬ ಕ್ವೆಸ್ಟ್ ಇದ್ದರೆ, ತೆರೆಯಲು ಬಾಗಿಲೇ ಇಲ್ಲದಿರುವಾಗ ಅದು ಮುಗಿಯುವುದು ಹೇಗೆ ಎಂದು ಯಾರಾದರೂ ಮೊದಲೇ ಯೋಚಿಸಿರಬೇಕು. ಇದರಲ್ಲಿ ಒಂದನ್ನು ಬಿಟ್ಟರೂ ಕಾವಲುಗಾರ ಮುರಿದ ಬಾಗಿಲಿನ ಮುಂದೆ, ಅದು ಇನ್ನೂ ಮುಚ್ಚಿದೆ ಎಂಬಂತೆ ನಿಂತುಬಿಡುತ್ತಾನೆ.

ಚೂರುಗಳಲ್ಲಿ ಇನ್ನೊಂದು ಕಷ್ಟವಿದೆ. ಒಂದರ ಮೇಲೊಂದು ಒರಗಿ ನಿಂತ ಚೂರುಗಳನ್ನು ಸೇವ್ ಮಾಡಿ ಮತ್ತೆ ಲೋಡ್ ಮಾಡಿದಾಗ, ಅಂಕಿಗಳನ್ನು ಕುಗ್ಗಿಸಿ ಬರೆದಿದ್ದರೆ ಎರಡು ಚೂರು ಕೂದಲೆಳೆಯಷ್ಟು ಒಂದರೊಳಗೊಂದು ಹೊಕ್ಕಿರುತ್ತವೆ. ವಸ್ತುಗಳ ಚಲನೆ, ಡಿಕ್ಕಿಗಳನ್ನು ಲೆಕ್ಕ ಹಾಕುವ ಫಿಸಿಕ್ಸ್ ಎಂಜಿನ್ ಅವನ್ನು ಬೇರ್ಪಡಿಸಲು ಜೋರಾಗಿ ತಳ್ಳುತ್ತದೆ. ಶಾಂತವಾಗಿದ್ದ ರಾಶಿ ಪಟಾಕಿಯಂತೆ ಸಿಡಿಯುತ್ತದೆ. ಕೆಲಸಕ್ಕೆ ಬರುವ ಕ್ರಮ ಹೀಗಿದೆ: ಚೂರುಗಳು ನಿಶ್ಚಲವಾಗುವವರೆಗೆ ಕಾಯುವುದು, ಅಂಗೈಗಿಂತ ಚಿಕ್ಕವನ್ನು ನಿಧಾನವಾಗಿ ಮಾಯ ಮಾಡುವುದು, ಉಳಿದ ಮೂರು ನಾಲ್ಕು ದೊಡ್ಡ ತುಂಡುಗಳನ್ನು ವೇಗದ ಅಂಕಿಗಳಿಲ್ಲದೆ ಬರೆಯುವುದು, ಲೋಡ್ ಆದಮೇಲೆ ಯಾರಾದರೂ ಮುಟ್ಟುವ ತನಕ ಅವನ್ನು ಮಲಗಿದ ಸ್ಥಿತಿಯಲ್ಲೇ ಇಡುವುದು. ಚೂರು ಎಣಿಸಿ ನೋಡುವ ಆಟಗಾರ ಸಿಗುವುದು ಅಪರೂಪ. ಬಾಗಿಲು ತಾನಾಗಿ ರಿಪೇರಿಯಾಗಿದ್ದರೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಬಾಗಿಲಿನಿಂದ ಇಡೀ ಕಟ್ಟಡಕ್ಕೆ ಹೋಗೋಣ. ನೆಲ, ಗೋಡೆ ಕೊರೆಯುವ ಆಸೆಗೆ 2001ರಲ್ಲೇ 'ರೆಡ್ ಫ್ಯಾಕ್ಷನ್' ಒಂದು ಉತ್ತರ ಕೊಟ್ಟಿತ್ತು. 2022ರಲ್ಲಿ ಪೂರ್ಣ ರೂಪದಲ್ಲಿ ಬಂದ 'ಟೇರ್‌ಡೌನ್' ಕಟ್ಟಡಗಳನ್ನು 10 ಸೆಂಟಿಮೀಟರ್ ಅಳತೆಯ ವಾಕ್ಸೆಲ್‌ಗಳಿಂದ, ಅಂದರೆ ಪುಟ್ಟ ಘನಗಳಿಂದ ಕಟ್ಟಿ, ಬಹುಪಾಲು ಎಲ್ಲವನ್ನೂ ಒಡೆಯಲು ಬಿಟ್ಟಿತು. ಈ ದಾರಿ ಏಕೆ ಎಲ್ಲೆಂದರಲ್ಲಿ ಓಡಾಡಬಹುದಾದ ದೊಡ್ಡ ಓಪನ್ ವರ್ಲ್ಡ್‌ಗೆ ಸಲೀಸಾಗಿ ಹೊಂದುವುದಿಲ್ಲ ಎಂಬುದನ್ನು ಗುಣಾಕಾರ ಮಾಡಿಯೇ ನೋಡಬಹುದು. 10 ಮೀಟರ್ ಉದ್ದ, ಅಗಲ, ಎತ್ತರದ ಮನೆಯಲ್ಲಿ 10 ಲಕ್ಷ ಘನಗಳು. ಘನಕ್ಕೆ 1 ಬೈಟ್ ಎಂದರೆ 1 ಮೆಗಾಬೈಟ್. ಒಂದು ಚದರ ಕಿಲೋಮೀಟರ್ ಊರನ್ನು 50 ಮೀಟರ್ ಎತ್ತರದವರೆಗೆ ಹೀಗೇ ಬರೆದರೆ 5,000 ಕೋಟಿ ಘನಗಳು, 50 ಗಿಗಾಬೈಟ್. ಖಾಲಿ ಗಾಳಿಯನ್ನೂ ಘನವಾದ ನೆಲವನ್ನೂ ಕುಗ್ಗಿಸಿ ಬರೆಯಬಹುದು, ಕೈ ತಾಗಿದ ತುಂಡುಗಳನ್ನಷ್ಟೇ ಉಳಿಸಬಹುದು. ಹಾಗೆ ಮಾಡಿದರೆ ಲೆಕ್ಕ ಹಿಡಿತಕ್ಕೆ ಬರುತ್ತದೆ.

ಇನ್ನು ಕಟ್ಟಡ ಬೀಳುವ ಬಗೆ. ಸುಲಭದ ವಿಧಾನ ಎಂದರೆ ನೆಲದಿಂದ ಶುರುಮಾಡಿ ಅಕ್ಕಪಕ್ಕದ ಘನಗಳನ್ನು ಹಿಡಿದು ಹೋಗುವುದು. ನೆಲಕ್ಕೆ ಸಂಪರ್ಕ ಸಿಗದ ಭಾಗವೆಲ್ಲ ಬೀಳುತ್ತದೆ. ಆದರೆ ಇಲ್ಲಿ ಭಾರದ ಲೆಕ್ಕವೇ ಇಲ್ಲ. ಮೂರಂತಸ್ತಿನ ಮನೆ ಒಂದೇ ತೆಳು ಕೋಲಿನ ಮೇಲೆ ನಿಂತುಬಿಡುತ್ತದೆ. ಭಾರ ಲೆಕ್ಕ ಹಾಕಿದರೆ ಬೇರೆ ಪೇಚು: ವಿನ್ಯಾಸಕಾರರು ಕಣ್ಣಿಗೆ ಚೆಂದ ಎಂದು ಬರೆದ ಮನೆ ಆಟ ಶುರುವಾದ ಕ್ಷಣವೇ ಕುಸಿಯಬಹುದು. ಅಂಥ ಆಟದಲ್ಲಿ ಚಿತ್ರ ಬರೆಯುವವರೂ ಸ್ವಲ್ಪ ಎಂಜಿನಿಯರಿಂಗ್ ಕಲಿಯಬೇಕಾಗುತ್ತದೆ.

ದೊಡ್ಡ ಲೋಕದ ಕನಸಿಗೆ ಬಂದರೆ, ಅಲ್ಲಿನ ಜಾಣತನ ಇರುವುದು ನೆನಪಿಡದೇ ಇರುವುದರಲ್ಲಿ. 1984ರ 'ಎಲೀಟ್' 32 ಕಿಲೋಬೈಟ್ ಮೆಮೊರಿಯ ಬಿಬಿಸಿ ಮೈಕ್ರೊ ಯಂತ್ರದಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ನಕ್ಷತ್ರ ವ್ಯವಸ್ಥೆ ತೋರಿಸಿತು. ಯಾವುದನ್ನೂ ಪಟ್ಟಿಯಾಗಿ ಬರೆದಿಟ್ಟಿರಲಿಲ್ಲ. ಒಂದು ಬೀಜಸಂಖ್ಯೆಯಿಂದ ಬೇಕಾದಾಗ ಬೇಕಾದ್ದನ್ನು ಲೆಕ್ಕ ಹಾಕಿ ಹುಟ್ಟಿಸುತ್ತಿತ್ತು. 2016ರ 'ನೋ ಮ್ಯಾನ್ಸ್ ಸ್ಕೈ' ಹೇಳಿದ 18 ಕ್ವಿಂಟಿಲಿಯನ್ (18ರ ಮುಂದೆ 18 ಸೊನ್ನೆ) ಗ್ರಹಗಳ ಅಂಕಿಯೂ 64 ಬಿಟ್‌ನ ಬೀಜಸಂಖ್ಯೆಯಿಂದಲೇ ಬಂದದ್ದು. ಸೂತ್ರ ಸರಳ: ಲೋಕವನ್ನು ಪ್ರತಿ ಸಲ ಹೊಸದಾಗಿ ಹುಟ್ಟಿಸು, ಆಟಗಾರ ಬದಲಿಸಿದ್ದನ್ನು ಮಾತ್ರ ನೆನಪಿಡು.

ಕೈಕೊಡುವುದು ಅಪ್‌ಡೇಟ್ ಬಂದಾಗ. ಬೆಟ್ಟ ಹುಟ್ಟಿಸುವ ಸೂತ್ರದಲ್ಲಿ ಒಂದು ಅಂಕಿ ಬದಲಾದರೂ ಅದೇ ಬೀಜ ಬೇರೆ ಬೆಟ್ಟ ಕೊಡುತ್ತದೆ. ಆಟಗಾರ ತಿಂಗಳುಗಟ್ಟಲೆ ಕಟ್ಟಿದ ಮನೆ ಮಣ್ಣಿನೊಳಗೆ ಹೂತುಹೋಗುತ್ತದೆ ಅಥವಾ ಗಾಳಿಯಲ್ಲಿ ತೇಲುತ್ತದೆ. 'ಮೈನ್‌ಕ್ರಾಫ್ಟ್' ಬೇರೆ ದಾರಿ ಹಿಡಿದಿದೆ. ಅಲ್ಲಿ ಅಗಲ, ಉದ್ದ 16 ಬ್ಲಾಕ್‌ಗಳ ಒಂದು ಚಂಕ್ ಹುಟ್ಟಿದ ಮೇಲೆ ಅದನ್ನು ಇಡಿಯಾಗಿ ಡಿಸ್ಕ್‌ಗೆ ಬರೆಯುತ್ತಾರೆ. ಹಾಗಾಗಿ ಹಳೆಯ ಮನೆ ಸುರಕ್ಷಿತ. ಆದರೆ ಹಳೆ ಸೂತ್ರದ ಚಂಕ್ ಮುಗಿದು ಹೊಸದು ಶುರುವಾಗುವ ಕಡೆ, ಚಾಕುವಿನಲ್ಲಿ ಕತ್ತರಿಸಿದಂತೆ ನೇರ ಗೋಡೆ ಏಳುತ್ತಿತ್ತು. 2021ರ 1.18 ಆವೃತ್ತಿಯಲ್ಲಿ ಆ ಗಡಿಯನ್ನು ಬೆರೆಸಿ ನಯಗೊಳಿಸುವ ವ್ಯವಸ್ಥೆ ಬಂತು. ಹೊಸದಾಗಿ ಇಂಥ ಗೇಮ್ ಮಾಡುವವರು ಮೊದಲ ದಿನವೇ ಪ್ರತಿ ಪ್ರದೇಶದ ಜೊತೆ 'ಇದು ಸೂತ್ರದ ಎಷ್ಟನೇ ಆವೃತ್ತಿಯಲ್ಲಿ ಹುಟ್ಟಿತು' ಎಂಬ ಒಂದು ಅಂಕಿ ಬರೆದಿಡಬೇಕು. ಎರಡು ಬೈಟ್ ಕೆಲಸ. ಮೂರು ವರ್ಷದ ನಂತರ ಮಾಡಲು ಹೊರಟರೆ ಆ ಅಂಕಿ ಎಲ್ಲಿಂದಲೂ ಸಿಗುವುದಿಲ್ಲ.

ದೂರ ಹೋದಂತೆ ಕೈ ನಡುಗುವ ಕಾಯಿಲೆಯೂ ಇದೆ. 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಸೀಮಿತ ನಿಖರತೆಯ ದಶಮಾಂಶ ಸಂಖ್ಯೆಯಲ್ಲಿ, ಸ್ಥಾನ ಬರೆದರೆ, ಕೇಂದ್ರದಿಂದ 16 ಕಿಲೋಮೀಟರ್ ದಾಟಿದ ಮೇಲೆ ಎರಡು ಅಂಕಿಗಳ ನಡುವಿನ ಅಂತರ ಸುಮಾರು 2 ಮಿಲಿಮೀಟರ್, 100 ಕಿಲೋಮೀಟರ್‌ನಲ್ಲಿ ಸುಮಾರು 8 ಮಿಲಿಮೀಟರ್. ಕಣ್ಣಿನ ಹತ್ತಿರವೇ ಹಿಡಿದ ಬಂದೂಕು 8 ಮಿಲಿಮೀಟರ್ ಹಾರಿ ಹಾರಿ ಚಲಿಸಿದರೆ ಕಾಣದೆ ಇರುವುದಿಲ್ಲ. 'ಕರ್ಬಲ್ ಸ್ಪೇಸ್ ಪ್ರೋಗ್ರಾಂ' ಆಡಿದವರಿಗೆ ರಾಕೆಟ್ ಸುಮ್ಮನೆ ನಡುಗಿ ಚೂರಾಗುವ 'ಕ್ರಾಕೆನ್' ಗೊತ್ತಿರುತ್ತದೆ. ಮದ್ದು ಎಂದರೆ ಲೋಕದ ಕೇಂದ್ರವನ್ನೇ ಆಟಗಾರನ ಬಳಿಗೆ ಆಗಾಗ ಎಳೆದು ತರುವುದು. ಹಾಗೆ ಎಳೆಯುವಾಗ ಹೊಗೆಯ ಜಾಡು, ಸದ್ದಿನ ಮೂಲ, ಹಾರುತ್ತಿರುವ ಗುಂಡು ಇವನ್ನು ಮರೆತರೆ ಅವು ಇದ್ದಕ್ಕಿದ್ದಂತೆ ಎಲ್ಲೋ ದೂರ ಕಾಣಿಸಿಕೊಳ್ಳುತ್ತವೆ.

ಈಗ ಪಟ್ಟಿಯ ಅತ್ಯಂತ ಪ್ರೀತಿಯ ಬೇಡಿಕೆಗೆ ಬರೋಣ: ಎನ್‌ಪಿಸಿಗಳು, ಅಂದರೆ ಕಂಪ್ಯೂಟರ್ ನಡೆಸುವ ಪಾತ್ರಗಳು, ನನ್ನನ್ನು ನೆನಪಿಡಬೇಕು. 2014ರ 'ಶ್ಯಾಡೋ ಆಫ್ ಮೊರ್ಡೋರ್'ನ ನೆಮೆಸಿಸ್ ವ್ಯವಸ್ಥೆಯನ್ನು ಜನ ಇವತ್ತಿಗೂ ಹಂಬಲದಿಂದ ನೆನೆಯುತ್ತಾರೆ. ನಿಮ್ಮನ್ನು ಕೊಂದ ಸಾಮಾನ್ಯ ಸೈನಿಕ ಬಡ್ತಿ ಪಡೆಯುತ್ತಿದ್ದ, ಹೆಸರು ಗಳಿಸುತ್ತಿದ್ದ, ಮುಂದಿನ ಸಲ ಎದುರಾದಾಗ ಹಳೆಯದನ್ನು ಎತ್ತಿ ಹಂಗಿಸುತ್ತಿದ್ದ. ಆ ವ್ಯವಸ್ಥೆಗೆ 2021ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಒಳ್ಳೆಯ ಆಲೋಚನೆಯೊಂದರ ಸುತ್ತ ಹೀಗೆ ಬೇಲಿ ಎದ್ದದ್ದು ನಷ್ಟವೇ ಸರಿ. ಆದರೆ ಎನ್‌ಪಿಸಿ ನೆನಪಿಗೆ ಅದೊಂದೇ ದಾರಿಯಲ್ಲ.

ಒಂದು ನೆನಪಿನಲ್ಲಿ ಇರಬೇಕಾದ್ದು ಇಷ್ಟು: ಯಾರು, ಏನು ಮಾಡಿದರು, ಯಾರಿಗೆ, ಎಲ್ಲಿ, ಯಾವಾಗ, ಇದು ನನಗೆ ಹೇಗೆ ಗೊತ್ತಾಯಿತು, ಇದು ನನಗೆಷ್ಟು ಮುಖ್ಯ. ಉದಾರವಾಗಿ 32 ಬೈಟ್ ಕೊಡೋಣ. 500 ಜನ, ತಲೆಗೆ 50 ನೆನಪು ಎಂದರೆ 8 ಲಕ್ಷ ಬೈಟ್. ಒಂದು ಮೆಗಾಬೈಟ್ ಕೂಡ ಆಗಲಿಲ್ಲ. ಭಾರ ಬೀಳುವುದು ಮಾತಿನ ಮೇಲೆ. 20 ಬಗೆಯ ಘಟನೆ, 12 ಬಗೆಯ ಪಾತ್ರ, 3 ಮನಸ್ಥಿತಿ ಎಂದರೆ 720 ಸಾಲು ಸಂಭಾಷಣೆ. ಒಂದೇ ಸಾಲು ಎರಡು ಸಲ ಕೇಳಿದರೆ ಮಾಯೆ ಒಡೆಯುತ್ತದೆ. ಮೂರು ಮೂರು ಬಗೆಯಲ್ಲಿ ಬರೆದರೆ 2,160. ಅಷ್ಟನ್ನೂ ಧ್ವನಿಮುದ್ರಿಸಬೇಕು, ಗೇಮ್ ಬರುವ ಪ್ರತಿ ಭಾಷೆಯಲ್ಲೂ.

ಇನ್ನೊಂದು, ಸುದ್ದಿ ಹರಡುವ ಬಗೆ. ಕಾಡಿನ ನಡುವೆ ಯಾರೂ ಇಲ್ಲದ ಕಡೆ ಕದ್ದರೂ ಊರಿಗೆ ಕಾಲಿಟ್ಟ ತಕ್ಷಣ ಎಲ್ಲ ಕಾವಲುಗಾರರೂ ಮೇಲೆ ಬೀಳುವುದನ್ನು ನೀವೆಲ್ಲ ಅನುಭವಿಸಿದ್ದೀರಿ. ಅಲ್ಲಿ ನೆನಪು ಒಬ್ಬೊಬ್ಬರದಲ್ಲ. 'ಆಟಗಾರ ಅಪರಾಧಿ' ಎಂಬ ಒಂದೇ ಗುರುತನ್ನು ಎಲ್ಲರೂ ಓದುತ್ತಿದ್ದಾರೆ. ಸರಿಪಡಿಸಲು ಸುದ್ದಿ ಇಬ್ಬರು ಭೇಟಿಯಾದಾಗ ಮಾತ್ರ ದಾಟುವಂತೆ ಮಾಡಿ. ದಾಟಿದಾಗೆಲ್ಲ ಒಂದು ವಿವರ ಕಳೆಯಲಿ: ಮೊದಲು ಸಮಯ, ಆಮೇಲೆ ಜಾಗ, ಕೊನೆಗೆ ಮುಖಚಹರೆ. ಮೂರನೆಯವನಿಗೆ 'ಕೆಂಪು ಮೇಲಂಗಿಯವನು ಯಾರೋ ಕದ್ದನಂತೆ' ಎಂದಷ್ಟೇ ಗೊತ್ತಿದ್ದರೆ ಆಟಗಾರ ಮೇಲಂಗಿ ಬದಲಿಸಿ ಪಾರಾಗಬಹುದು. ಪ್ರತ್ಯೇಕ ಮಿಷನ್ ಬರೆಯದೆ ಒಂದು ಮಿಷನ್ ಹುಟ್ಟಿತು. ಮರೆವು ಕೂಡ ಬೇಕೇ ಬೇಕು. ಐವತ್ತು ನೆನಪು ತುಂಬಿದಾಗ ಕಡಿಮೆ ಮುಖ್ಯವಾದದ್ದು ಬಿದ್ದುಹೋಗಲಿ, ಪ್ರಾಣ ಉಳಿಸಿದ್ದು ಬೀಳದಿರಲಿ.

ಮತ್ತೆ, ನೆನಪು ಹೊರಗೆ ಕಾಣಬೇಕು. 2005ರ 'ಫಿಯರ್' ಗೇಮ್‌ನ ಶತ್ರುಗಳು ಜಾಣರು ಎಂದು ಹೆಸರಾದದ್ದು ಅವರ ಯೋಜನಾ ವ್ಯವಸ್ಥೆಯಿಂದ ಎಷ್ಟೋ, ಅವರು ತಮ್ಮ ತಮ್ಮಲ್ಲಿ ಕೂಗಿ ಹೇಳುತ್ತಿದ್ದ ಮಾತುಗಳಿಂದಲೂ ಅಷ್ಟೇ. ಅಂಗಡಿಯವನು ಒಳಗೊಳಗೆ ಸಿಟ್ಟಾಗಿ ಬೆಲೆ ಏರಿಸಿದರೆ ಆಟಗಾರನಿಗೆ ಅದು ಬಗ್‌ನಂತೆ ಕಾಣುತ್ತದೆ. 'ನನ್ನ ತಮ್ಮನಿಗೆ ಹೊಡೆದವನಿಗೆ ಇದೇ ಬೆಲೆ' ಎಂದು ಬಾಯಿಬಿಟ್ಟರೆ ಅದೇ ನೆನಪು.

ಈಗ ಎಲ್ಲರೂ ಕೇಳುವುದು ತಾನೇ ವಾಕ್ಯ ಹುಟ್ಟಿಸುವ ಎಐ ಭಾಷಾ ಮಾಡೆಲ್ ಇಟ್ಟು ಎನ್‌ಪಿಸಿಗಳನ್ನು ಮಾತಾಡಿಸಬಹುದಲ್ಲ ಎಂದು. ಮಾತಾಡಿಸಬಹುದು. ಆದರೆ ಅದು ಸಲೀಸಾಗಿ 'ಬಾವಿಯ ಹಿಂದೆ ಬೀಗದ ಕೈ ಇದೆ' ಎಂದುಬಿಡುತ್ತದೆ, ಊರಿನಲ್ಲಿ ಬಾವಿಯೇ ಇರುವುದಿಲ್ಲ. ಆಟಗಾರ ಒಂದು ಗಂಟೆ ಹುಡುಕುತ್ತಾನೆ, ಆಮೇಲೆ ಯಾವ ಎನ್‌ಪಿಸಿಯನ್ನೂ ನಂಬುವುದಿಲ್ಲ. ಏನು ಹೇಳಬೇಕು ಎಂಬುದು ಆಟದ ನೆನಪಿನ ಪಟ್ಟಿಯಿಂದಲೇ ಬರಬೇಕು, ಹೇಗೆ ಹೇಳಬೇಕು ಎಂಬುದನ್ನು ಮಾತ್ರ ಮಾಡೆಲ್‌ಗೆ ಬಿಡಬೇಕು. ವೇಗದ ಮಾತೂ ಇದೆ: ಮನುಷ್ಯರ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್. ಉತ್ತರಕ್ಕೆ ಎರಡು ಸೆಕೆಂಡ್ ಹಿಡಿದರೆ ಎನ್‌ಪಿಸಿ ಏನೋ ಮುಚ್ಚಿಡುತ್ತಿರುವಂತೆ ಅನ್ನಿಸುತ್ತದೆ.

ಕಥೆ ಕವಲೊಡೆಯುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎರಡೆರಡು ಆಯ್ಕೆಯ 10 ತಿರುವುಗಳಿಗೆ 1,024 ಕಥೆ. 20 ತಿರುವಿಗೆ 10 ಲಕ್ಷ ದಾಟುತ್ತದೆ. ಅಷ್ಟು ಯಾರೂ ಬರೆಯಲಾರರು, ಯಾರೂ ಟೆಸ್ಟ್ ಮಾಡಲಾರರು. ಮೊದಲ ಅಧ್ಯಾಯದಲ್ಲಿ ಸತ್ತವನು ನಾಲ್ಕನೆಯದರಲ್ಲಿ ಬಂದು ಮಾತಾಡುವ ಬಗ್ ಹುಟ್ಟುವುದು ಇಲ್ಲೇ. ದೃಶ್ಯವನ್ನು ಹೆಸರಿಗೆ ಕಟ್ಟದೆ ಪಾತ್ರದ ಗುಣಕ್ಕೆ ಕಟ್ಟಿದರೆ ಇದು ತಪ್ಪುತ್ತದೆ. 'ಕಮ್ಮಾರ ಬರುತ್ತಾನೆ' ಎಂದು ಬರೆಯುವ ಬದಲು 'ಬದುಕಿರುವ, ಈ ಊರಿನ, ಆಟಗಾರನ ಮೇಲೆ ಹಗೆಯಿಲ್ಲದ, ಆಯುಧ ಬಲ್ಲ ಒಬ್ಬರು ಬರುತ್ತಾರೆ' ಎಂದು ಬರೆಯಿರಿ. ಯಾರೂ ಸಿಗದಿದ್ದರೆ ಆಯುಧದ ಜೊತೆ ಒಂದು ಪತ್ರ ಬರಲಿ.

ಎಲ್ಲಿ ಬೇಕಾದರೂ ಸೇವ್ ಮಾಡುವುದು ಕೇಳಲು ಸುಲಭ, ಮಾಡಲು ಶಿಸ್ತು ಬೇಕು. ಹಳೆಯ ಸೇವ್ ಫೈಲ್ ಮೇಲೆಯೇ ಹೊಸದನ್ನು ಬರೆಯುವಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೊದಲು ತಾತ್ಕಾಲಿಕ ಫೈಲ್‌ಗೆ ಬರೆಯಬೇಕು. ಡಿಸ್ಕ್‌ಗೆ ನಿಜವಾಗಿ ಇಳಿದಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮತ್ತೆ ಓದಿ ಚೆಕ್‌ಸಮ್, ಅಂದರೆ ಫೈಲ್ ಕೆಟ್ಟಿಲ್ಲ ಎಂದು ತಿಳಿಸುವ ಅಂಕಿ, ತಾಳೆ ನೋಡಬೇಕು. ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರಬೇಕು. ಹಿಂದಿನ ಎರಡು ಪ್ರತಿಗಳನ್ನು ಅಳಿಸಬಾರದು. ಫೈಲ್ ತಲೆಯಲ್ಲಿ ಆವೃತ್ತಿ ಸಂಖ್ಯೆ ಇರಬೇಕು, ಇಲ್ಲವಾದರೆ ಮುಂದಿನ ಪ್ಯಾಚ್ (ಅಪ್‌ಡೇಟ್) ಹಳೆಯ ಸೇವ್ ಓದಲಾರದು. ಇನ್ನು ಪ್ರಪಾತಕ್ಕೆ ಬೀಳುತ್ತಿರುವಾಗ ಆಟೊಸೇವ್ ಆದರೆ? ಲೋಡ್ ಮಾಡಿದಾಗೆಲ್ಲ ಸಾವು. ಕಾಲು ನೆಲದ ಮೇಲಿದೆ, ಕಳೆದ ಐದು ಸೆಕೆಂಡಿನಲ್ಲಿ ಪೆಟ್ಟು ಬಿದ್ದಿಲ್ಲ ಎಂಬ ಎರಡು ಷರತ್ತು ಇಟ್ಟರೆ ಬಹುಪಾಲು ಇಂಥ ಸೇವ್‌ಗಳು ತಪ್ಪುತ್ತವೆ. ಕೈಯಾರೆ ಮಾಡುವ ಸೇವ್‌ಗೆ ಮಾತ್ರ ಈ ಷರತ್ತು ಹಾಕಬೇಡಿ. ಅಡುಗೆಮನೆಯಿಂದ ಕರೆ ಬಂದು ಎದ್ದು ಹೋಗುವವರ ಸಮಯಕ್ಕೆ ಬೆಲೆ ಕೊಡಿ.

ಹಲವರು ಸೇರಿ ಆಡುವಾಗ ಪ್ರಶ್ನೆ ತಿರುಗುತ್ತದೆ: ಯಾರ ನೆನಪು ನಿಜ? ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 5,000 ಕಿಲೋಮೀಟರ್ ದೂರದ ಎದುರಾಳಿಗೆ ಹೋಗಿ ಬರಲು 50 ಮಿಲಿಸೆಕೆಂಡ್. ಎಷ್ಟು ಹಣ ಸುರಿದರೂ ಆ ತಂತಿಯಲ್ಲಿ ಇದಕ್ಕಿಂತ ಇಳಿಸಲಾಗದು. ಸೆಕೆಂಡಿಗೆ 60 ಫ್ರೇಮ್ ಆಟದಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್, ಅಂದರೆ ಮೂರು ಫ್ರೇಮ್ ತಡ. ಫೈಟಿಂಗ್ ಗೇಮ್‌ಗಳಿಗೆ 2006ರಲ್ಲಿ ಬಂದ ಜಿಜಿಪಿಓ ಎಂಬ ನೆಟ್‌ವರ್ಕ್ ಸಾಫ್ಟ್‌ವೇರ್ ಜನಪ್ರಿಯಗೊಳಿಸಿದ ರೋಲ್‌ಬ್ಯಾಕ್ ಇದನ್ನು ಹೀಗೆ ನಿಭಾಯಿಸುತ್ತದೆ: ಎದುರಾಳಿ ಒತ್ತಿದ್ದ ಬಟನ್ ಇನ್ನೂ ಒತ್ತಿದ್ದಾನೆ ಎಂದು ಊಹಿಸಿ ಆಟ ಮುಂದುವರಿಸುತ್ತದೆ, ಊಹೆ ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಿ, ಸರಿಯಾದ ಬಟನ್ ಹಾಕಿ, ಕಳೆದ ಫ್ರೇಮ್‌ಗಳನ್ನೆಲ್ಲ ಒಂದೇ ಫ್ರೇಮ್‌ನ ಸಮಯದೊಳಗೆ ಮತ್ತೆ ಲೆಕ್ಕ ಹಾಕುತ್ತದೆ. ಇಡೀ ಆಟದ ಸ್ಥಿತಿ ಚಿಕ್ಕದಾಗಿ, ಪ್ರತಿ ಸಲ ಒಂದೇ ಫಲಿತಾಂಶ ಕೊಡುವಂತಿದ್ದರೆ ಮಾತ್ರ ಇದು ಸಾಧ್ಯ. ಆ ನಲವತ್ತು ಚೂರಿನ ಬಾಗಿಲು ಇಲ್ಲಿ ಬಂದರೆ ಕಷ್ಟ.

ಜನಜಂಗುಳಿಯ ಕನಸಿಗೆ ವರ್ಗದ (ಸಂಖ್ಯೆಯನ್ನು ಅದರಿಂದಲೇ ಗುಣಿಸುವ) ಲೆಕ್ಕ ಅಡ್ಡ ಬರುತ್ತದೆ. 100 ಜನರಲ್ಲಿ ಪ್ರತಿಯೊಬ್ಬರಿಗೂ ಎಲ್ಲರ ಸುದ್ದಿ ತಲುಪಿಸಲು ಒಂದು ಸುತ್ತಿಗೆ 10,000 ಸಂದೇಶ, 1,000 ಜನರಿಗೆ 10 ಲಕ್ಷ. 'ಈವ್ ಆನ್‌ಲೈನ್' ಸಾವಿರಾರು ಜನರ ಯುದ್ಧದಲ್ಲಿ ಆಟದ ಕಾಲವನ್ನೇ ನಿಧಾನಿಸುತ್ತದೆ, ಶೇ 10ರಷ್ಟು ವೇಗದವರೆಗೂ. ಯಾರ ಆಜ್ಞೆಯೂ ಕಳೆದುಹೋಗಬಾರದು ಎಂದು ವೇಗವನ್ನು ಬಿಟ್ಟುಕೊಟ್ಟ ಈ ತೀರ್ಮಾನ ಪ್ರಾಮಾಣಿಕವಾದದ್ದು.

ಬಟನ್ ಬದಲಿಸುವ ಅವಕಾಶ, ದೊಡ್ಡ ಸಬ್‌ಟೈಟಲ್, ಬಣ್ಣದ ಜೊತೆ ಆಕಾರದಿಂದಲೂ ಗುರುತು, ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿದರೆ ಸಾಕು ಎಂಬ ಆಯ್ಕೆ: ಇವು ಕನಸಿನ ಪಟ್ಟಿಯ ಕೊನೆಯಲ್ಲಿ ಬರುತ್ತವೆ, ಆದರೆ ಇವಿಲ್ಲದೆ ಕೆಲವರಿಗೆ ಗೇಮ್ ಶುರುವೇ ಆಗುವುದಿಲ್ಲ. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಇಂಥ 60ಕ್ಕೂ ಹೆಚ್ಚು ಆಯ್ಕೆಗಳನ್ನು ಕೊಟ್ಟಿತು. 2018ರ 'ಸೆಲೆಸ್ಟ್' ಆಟದ ವೇಗವನ್ನೇ ತಗ್ಗಿಸಲು ಬಿಟ್ಟಿತು. ಕೋಡ್‌ನಲ್ಲಿ ಮೊದಲ ದಿನದಿಂದ 'ಎ ಬಟನ್' ಎಂದು ಬರೆಯದೆ 'ಜಿಗಿ' ಎಂದು ಬರೆದಿದ್ದರೆ ಬಟನ್ ಬದಲಿಸುವುದು ಒಂದು ಮೆನುವಿನ ಕೆಲಸ.

ಕೊನೆಯದಾಗಿ, ಸರ್ವರ್ ಮುಚ್ಚಿದ ಮೇಲಿನ ನೆನಪು. 2014ರ ರೇಸಿಂಗ್ ಗೇಮ್ 'ದಿ ಕ್ರೂ'ವನ್ನು ಒಬ್ಬರೇ ಕೂತು ಆಡಬಹುದಿತ್ತು, ಆದರೆ ಸರ್ವರ್ ಸಂಪರ್ಕ ಕಡ್ಡಾಯವಾಗಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ದುಡ್ಡು ಕೊಟ್ಟು ಕೊಂಡವರಿಗೂ ಆಟ ನಿಂತಿತು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ 87 ಆಗ ಮಾರಾಟದಲ್ಲಿರಲಿಲ್ಲ.

ಇದನ್ನು ತಪ್ಪಿಸುವ ಕೆಲಸವನ್ನು ಗೇಮ್ ಕಟ್ಟುವಾಗಲೇ ಮಾಡಬೇಕು. ಲಾಗಿನ್, ಅಂಗಡಿ, ಆಟದ ನಿಯಮ ಈ ಮೂರನ್ನು ಸರ್ವರ್‌ನಲ್ಲಿ ಬೇರೆ ಬೇರೆ ತುಂಡಾಗಿ ಬರೆಯಬೇಕು, ಒಂದನ್ನು ಕಿತ್ತರೆ ಉಳಿದದ್ದು ನಿಲ್ಲುವಂತೆ. ಹೊರಗಿನವರಿಂದ ತಂದ ಸಾಫ್ಟ್‌ವೇರ್ ತುಣುಕುಗಳ ಕರಾರಿನಲ್ಲಿ, ಸರ್ವರ್ ಪ್ರೋಗ್ರಾಂ ಅನ್ನು ಆಟಗಾರರಿಗೆ ಹಂಚಬಹುದೇ ಎಂಬ ಸಾಲು ಇದೆಯೋ ಇಲ್ಲವೋ ಸಹಿ ಹಾಕುವ ಮೊದಲು ನೋಡಬೇಕು. ಮುಚ್ಚುವ ಹೊತ್ತಿಗೆ ಕೈಕಟ್ಟುವುದು ಸಾಮಾನ್ಯವಾಗಿ ಆ ಸಾಲೇ. ಕೊನೆಯ ಪ್ಯಾಚ್‌ನಲ್ಲಿ ಮೂರು ಬದಲಾವಣೆ ಬೇಕು: ಲಾಗಿನ್ ತಪಾಸಣೆ ತೆಗೆಯುವುದು, ಸರ್ವರ್ ವಿಳಾಸವನ್ನು ಆಟಗಾರರೇ ಸೆಟ್ಟಿಂಗ್ಸ್‌ನಲ್ಲಿ ತುಂಬುವಂತೆ ಮಾಡುವುದು, ಸರ್ವರ್‌ನಲ್ಲಿರುವ ಪ್ರತಿಯೊಬ್ಬರ ಸೇವ್ ಅನ್ನು ಅವರವರ ಯಂತ್ರಕ್ಕೆ ಇಳಿಸಿಕೊಳ್ಳಲು ಒಂದು ಬಟನ್ ಇಡುವುದು. ಆ ಬಟನ್ ಸರ್ವರ್ ನಿಲ್ಲುವ ದಿನ ಬಂದರೆ ಎಲ್ಲರೂ ಒಟ್ಟಿಗೆ ಒತ್ತಿ ಸರ್ವರ್ ಕುಸಿಯುತ್ತದೆ. ಮೂರು ತಿಂಗಳು ಮೊದಲೇ ಕೊಡಿ.